ಅತ್ತೆ ಕಟ್ಟಿದ ಕಟ್ಟ

ನೆದರ್‌ಲ್ಯಾಂಡ್ಸಿಗೆ ಹೊಸದಾಗಿ ಬಂದವರು ನನ್ನ ಹತ್ತಿರ ಸಲಹೆ ಕೇಳುತ್ತಾರೆ. ಕೇಳದಿದ್ದರೂ ನಾನು ಹೇಳುತ್ತೇನೆ. ಹಳೆಯ ಸೈಕಲ್ ಕೊಳ್ಳುವಾಗ ಮೊದಲು ಚೈನ್ ನೋಡಿ ಮುಖ ಸಿಂಡರಿಸಿ, ಆಮೇಲೆ ಬೆಲೆ ಕೇಳಿ. ಬಾಡಿಗೆ ಮನೆ ನೋಡಲು ಮಳೆ ಬರುವ ದಿನವೇ ಹೋಗಿ, ಎಲ್ಲಿ ಸೋರುತ್ತದೆಂದು ಅವತ್ತೇ ಗೊತ್ತಾಗುತ್ತದೆ. ಸಂತೆಗೆ ಮುಚ್ಚುವ ಹೊತ್ತಿಗೆ ಹೋಗಿ. ಮಾವಿನ ಪೆಟ್ಟಿಗೆ ಮತ್ತೆ ವ್ಯಾನಿಗೆ ಹೇರಲು ಯಾವ ವ್ಯಾಪಾರಿಗೂ ಮನಸ್ಸಿರುವುದಿಲ್ಲ. ಇಷ್ಟು ಹೇಳಿ ಕೊನೆಗೆ ಒಂದು ಮಾತು ಸೇರಿಸುತ್ತೇನೆ: ಈ ದೇಶದಲ್ಲಿ ಯಾವುದಕ್ಕೆ ಬೇಕಾದರೂ ಚೌಕಾಸಿ ಮಾಡಿ, ನೀರಿನ ವಿಷಯದಲ್ಲಿ ಮಾತ್ರ ಬೇಡ.

ಈ ಕೊನೆಯ ಪಾಠ ನನಗೆ ಕಲಿಸಿದವರು ನನ್ನ ಅತ್ತೆ. ಅವರಿಗೆ ಡಚ್ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ.

ಚೌಕಾಸಿ ನನ್ನ ಕಸುಬು. ಮಂಗಳೂರಿನಲ್ಲಿ ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ನಿಂತು ಸೀರೆ ಬಿಚ್ಚಿ ತೋರಿಸುತ್ತಾ ಸಂಜೆ ಕಾಲೇಜು ಓದಿದವಳು ನಾನು. ಗಿರಾಕಿ ಎದ್ದು ನಿಂತರೂ ಚಪ್ಪಲಿ ಮೆಟ್ಟುವವರೆಗೆ ವ್ಯಾಪಾರ ಮುಗಿದಿಲ್ಲ ಎಂದು ಅಲ್ಲಿ ಕಲಿತೆ. ಈಗ ಆಮ್‌ಸ್ಟರ್‌ಡ್ಯಾಮಿನ ಜೈಡಾಸ್‌ನಲ್ಲಿ, ಅಂದರೆ ದೊಡ್ಡ ದೊಡ್ಡ ಕಂಪನಿಗಳ ಬಡಾವಣೆಯಲ್ಲಿ, ಗಾಜಿನ ಕಟ್ಟಡವೊಂದರ ಖರೀದಿ ವಿಭಾಗದಲ್ಲಿ ಕೂತು ಮಾಡುವುದೂ ಅದನ್ನೇ. ಸೀರೆಯ ಜಾಗದಲ್ಲಿ ಕಂಪ್ಯೂಟರ್ ಬಂದಿದೆ, ಚಪ್ಪಲಿಯ ಜಾಗದಲ್ಲಿ ಕೋಟು ಬಂದಿದೆ. ಎದುರಿನವರು ಕೋಟಿನ ತೋಳಿಗೆ ಕೈ ಹಾಕುವವರೆಗೆ ನಾನು ಬಾಯಿ ಬಿಡುವುದಿಲ್ಲ.

ನಮ್ಮ ಮನೆ ಇರುವುದು ಜೂಟರ್‌ಮೀರ್‌ನಲ್ಲಿ. ಊರಂಚಿನಲ್ಲಿ ಜನ ತರಕಾರಿ ಬೆಳೆಯಲು ಬಾಡಿಗೆಗೆ ಹಿಡಿಯುವ ಸಣ್ಣ ಸಣ್ಣ ತೋಟದ ತುಂಡುಗಳಿವೆ, ಒಂದು ಸಂಘ ಅದನ್ನೆಲ್ಲ ನಡೆಸುತ್ತದೆ. ವರ್ಷಗಟ್ಟಲೆ ಸರದಿಯಲ್ಲಿ ಕಾದ ಮೇಲೆ ನನಗೆ ಸಿಕ್ಕಿದ್ದು ನೀರಂಚಿನ ತುಂಡು. ಅದರ ಬದಿಗೇ ಸ್ಲೋಟ್. ಅಂದರೆ ನಮ್ಮ ಕರಾವಳಿಯ ತೋಡಿನಷ್ಟು ಅಗಲದ, ಆದರೆ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನೆಟ್ಟಗಿರುವ ಕಾಲುವೆ. ಬೇರೆಯವರು ಒದ್ದೆ ಜಾಗ ಎಂದು ಬೇಡವೆಂದದ್ದನ್ನು ನಾನು ಕಣ್ಣುಮುಚ್ಚಿ ಹಿಡಿದೆ. ಒದ್ದೆ ಜಾಗ ಅಂದರೆ ಕೆಸು, ಕೆಸು ಅಂದರೆ ಪತ್ರೊಡೆ. ಎಲೆಗೆ ಅಕ್ಕಿ-ಮಸಾಲೆ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿದ ಪತ್ರೊಡೆ ಇಲ್ಲದೆ ನಮ್ಮ ಮನೆಯಲ್ಲಿ ಚೌತಿ ನಡೆದದ್ದಿಲ್ಲ. ರಾಟರ್‌ಡ್ಯಾಮಿನಲ್ಲಿ ಸುರಿನಾಮ್ ದೇಶದವರು ನಡೆಸುವ ಅಂಗಡಿಯಿಂದ ಗೆಡ್ಡೆ ತಂದು, ಕಿಟಕಿ ಬದಿಯ ಬಿಸಿಲಿಗೆ ಮೊಳಕೆ ಬರಿಸಿ, ಚಳಿ ಹೋದ ಮೇಲೆ ಸ್ಲೋಟಿನ ದಡಕ್ಕೆ ನೆಟ್ಟು, ಮಕ್ಕಳ ಹಾಗೆ ಸಾಕಿದ್ದೆ. ಆ ತುಂಡು ಕೈಗೆ ಬಂದಂದಿನಿಂದ ಚೌತಿಯ ದಿನ ಡೆಲ್ಫ್ಟ್‌ನಲ್ಲಿ ಓದುವ ನಮ್ಮೂರ ಹುಡುಗ ಹುಡುಗಿಯರೆಲ್ಲ ನಮ್ಮ ಮನೆಗೇ ಬರುತ್ತಾರೆ. ಗಣಪತಿಗೆ ಕೈ ಮುಗಿಯುವಾಗಲೂ ಅವರ ಕಣ್ಣು ಅಡುಗೆಮನೆ ಕಡೆಗೇ ಇರುತ್ತದೆ.

ಆ ವರ್ಷ ಅತ್ತೆ ಬೇಸಿಗೆಗೆಂದು ಉಡುಪಿಯಿಂದ ಬಂದಿದ್ದರು. ಗದ್ದೆ ಕೆಸರಿನಲ್ಲೇ ಬೆಳೆದ ಜೀವ. ವಿಮಾನ ಇಳಿದ ಮರುದಿನವೇ ತೋಟ ನೋಡಿ, "ಮಣ್ಣು ಒಳ್ಳೆದುಂಟು, ನೀನು ನೆಟ್ಟದ್ದೇ ಸರಿ ಇಲ್ಲ" ಅಂದರು. ಆಮೇಲೆ ತೋಟ ಅವರದ್ದೇ ಆಯಿತು. ನಾನು ಬರೀ ಬಾಡಿಗೆ ಕಟ್ಟುವವಳು.

ಮಗಳ ಶಾಲೆ ರಜೆ ಮುಗಿದು ಶುರುವಾದಾಗ ಇತಿಹಾಸದ ಮೊದಲ ಪಾಠವೇ ನದಿ ಕಣಿವೆಗಳದ್ದು. ನೈಲ್, ಯೂಫ್ರೆಟಿಸ್, ಸಿಂಧೂ. ನೀರಿನಿಂದ ರಾಜ, ಕಾನೂನು, ದೇವರು ಇವೆಲ್ಲ ಹೇಗೆ ಹುಟ್ಟಿದವು ಎಂದು ತರಗತಿಯ ಮುಂದೆ ನಿಂತು ಮಾತಾಡಬೇಕಿತ್ತು. ನಮ್ಮ ಹತ್ತಿರ ಡಚ್ಚಿನಲ್ಲೇ ಉತ್ತರ ಕೊಡುವ ಹುಡುಗಿ ಅಜ್ಜಿಯ ಹತ್ತಿರ ಮಾತ್ರ ಕನ್ನಡ. ಇಬ್ಬರೂ ಕೆಸುವಿನ ಬುಡದಲ್ಲಿ ಸ್ಟೂಲು ಹಾಕಿ ಕೂತು ಅಭ್ಯಾಸ ಮಾಡುತ್ತಿದ್ದರು.

"ಅಜ್ಜಿ, ಈಜಿಪ್ಟಲ್ಲಿ ದೇವಸ್ಥಾನದ ಪಕ್ಕ ನದಿಗೆ ಇಳಿಯೋ ಮೆಟ್ಟಿಲಿತ್ತಂತೆ. ನೀರು ಯಾವ ಮೆಟ್ಟಿಲಿಗೆ ಬಂತು ಅಂತ ಪೂಜಾರಿಗಳು ನೋಡ್ತಿದ್ರಂತೆ."

"ನೋಡಿ ಎಂತ ಮಾಡ್ತಿದ್ರು?"

"ಈ ವರ್ಷ ಬೆಳೆ ಹೇಗೆ, ತೆರಿಗೆ ಎಷ್ಟು ಅಂತ ಮೊದಲೇ ಹೇಳ್ತಿದ್ರು. ಅದಕ್ಕೇ ಜನ ಅವರಿಗೆ ಹೆದರ್ತಿದ್ದದ್ದು."

"ಹೆದರದೆ ಮತ್ತೆ? ಅಲ್ಲಿ ನೋಡು, ನಮ್ಮ ಪೂಜಾರಿ ಬಂದ್ರು."

ಪೂಜಾರಿ ಅಂದರೆ ಪಕ್ಕದ ತುಂಡಿನ ಡಚ್ ಅಜ್ಜ. ಸಂಘದಲ್ಲಿ ನೀರಿನ ಉಸ್ತುವಾರಿ ಅವರದ್ದು. ಸ್ಲೋಟಿನ ತಿರುವಿನಲ್ಲಿ ಅಂಕಿ ಬರೆದ ನೀಲಿ-ಬಿಳಿ ಅಳತೆ ಹಲಗೆಯೊಂದು ನೀರಲ್ಲಿ ನಿಂತಿದೆ. ಅಜ್ಜ ದಿನಾ ಬಂದು, ಕೈ ಹಿಂದೆ ಕಟ್ಟಿ, ಬಗ್ಗಿ ಅದನ್ನು ನೋಡಿ, ತಲೆಯಾಡಿಸಿ ಹೋಗುತ್ತಾರೆ. ಅದಾದ ಮೇಲೇ ಅವರ ಕಾಫಿ, ಅವರ ತೋಟ. "ನಾವು ಕೈ ಮುಂದೆ ಜೋಡಿಸ್ತೇವೆ, ಇವರು ಹಿಂದೆ. ಅಷ್ಟೇ ವ್ಯತ್ಯಾಸ" ಎಂದು ಅತ್ತೆಯ ವ್ಯಾಖ್ಯಾನ.

ಆ ವರ್ಷ ಬೇಸಿಗೆ ಒಣಗಿಸಿಬಿಟ್ಟಿತ್ತು. ಚೌತಿ ಹತ್ತಿರ ಬಂದರೂ ಮಳೆಯಿಲ್ಲ. ತೋಟಕ್ಕೆ ನಲ್ಲಿ ನೀರು ಬಿಡಬಾರದೆಂದು ಸಂಘದ ಸೂಚನೆ ಬೇರೆ. ಕೆಸುವಿನ ಎಲೆಗಳು ಒದ್ದೆ ಕೊಡೆಗಳ ಹಾಗೆ ಮಡಚಿಕೊಂಡವು. ಅತ್ತೆ ಬಕೆಟ್ಟಿನಲ್ಲಿ ಹೊತ್ತು ಹೊತ್ತು ಸುಸ್ತಾದರು. "ನೀರು ಬದಿಯಲ್ಲೇ ಹರೀತಾ ಉಂಟು, ಕೆಸು ಬಾಡ್ತಾ ಉಂಟು. ಇದೆಂಥ ಅವಸ್ಥೆ ಮಾರಾಯ್ತಿ?" ಎಂದು ನನ್ನನ್ನು ಕೇಳಿದರು. ನಾನು ಯಾವುದೋ ಆಫೀಸಿನ ಫೋನಿನಲ್ಲಿದ್ದೆ. ಹೂಂ ಅಂದೆ.

ಇಲ್ಲಿ ಕಟ್ಟದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಮಳೆಗಾಲ ಮುಗಿದು ತೋಡಿನ ನೀರು ಇಳಿಯತೊಡಗಿದಾಗ ಅಡ್ಡಲಾಗಿ ಕಲ್ಲು, ಮರ, ಸೊಪ್ಪು, ಮಣ್ಣು ಹಾಕಿ ಒಂದು ತಾತ್ಕಾಲಿಕ ಒಡ್ಡು ಕಟ್ಟುತ್ತಾರೆ. ಅದೇ ಕಟ್ಟ. ನೀರು ಹಿಂದಕ್ಕೆ ತುಂಬಿ ಗದ್ದೆಗೆ ಏರುತ್ತದೆ, ಎರಡನೇ ಬೆಳೆ ಬರುತ್ತದೆ. ಮುಂದಿನ ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ಅತ್ತೆಗೆ ನೀರು ಕಡಿಮೆಯಾದರೆ ಕೈ ತಾನಾಗಿ ಕಟ್ಟಕ್ಕೆ ಹೋಗುತ್ತದೆ.

ಅವತ್ತು ಸಂಜೆ ರೈಲಿಳಿದು ನೇರ ತೋಟಕ್ಕೆ ಹೋದರೆ ಅಜ್ಜಿ, ಮೊಮ್ಮಗಳು ಇಬ್ಬರೂ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಾರೆ. ನಮ್ಮ ತುಂಡು ಮುಗಿಯುವಲ್ಲಿ ಸ್ಲೋಟಿನ ನೀರು ದಾರಿಯ ಅಡಿಯ ಮೋರಿಯೊಳಗೆ ಹೋಗುತ್ತದೆ. ಆ ಮೋರಿಯ ಬಾಯಿಗೆ ಹಳೆಯ ಗೊಬ್ಬರದ ಪೆಟ್ಟಿಗೆಯ ಹಲಗೆ, ಜೊಂಡು ಹುಲ್ಲು, ಮೇಲೆ ಹದವಾಗಿ ಮೆತ್ತಿದ ಜೇಡಿಮಣ್ಣು. ನೀರು ದಡಕ್ಕೇರಿ ಕೆಸುವಿನ ಬುಡ ನೆಕ್ಕುತ್ತಿತ್ತು. ಎಲೆಗಳು ಆನೆ ಕಿವಿಯ ಹಾಗೆ ಅರಳಿ ನಿಂತಿದ್ದವು.

"ಹೇಗುಂಟು?" ಅತ್ತೆ ಕೇಳಿದರು.

ಬುದ್ಧಿ ಇರುವವಳಾಗಿದ್ದರೆ ಅಲ್ಲೇ ಮೋರಿ ಬಿಡಿಸಬೇಕಿತ್ತು. ನನ್ನ ತಲೆಯಲ್ಲಿ ಪತ್ರೊಡೆಯ ಲೆಕ್ಕಾಚಾರ ಓಡುತ್ತಿತ್ತು. "ಭಾರೀ ಚಂದ ಅತ್ತೆ" ಅಂದೆ.

ಮರುದಿನ ಬೆಳಿಗ್ಗೆ ಪಕ್ಕದ ಅಜ್ಜ ಹಲಗೆ ನೋಡಿ ತಲೆಯಾಡಿಸಲಿಲ್ಲ. ಮೋರಿಯ ಹತ್ತಿರ ಹೋಗಿ ಬಗ್ಗಿದರು. ಅವತ್ತು ನಾನು ಮನೆಯಿಂದಲೇ ಕೆಲಸ ಮಾಡುವ ದಿನವಾದ್ದರಿಂದ ಅತ್ತೆಯನ್ನು ಬಿಟ್ಟು ಹೋಗಲು ತೋಟಕ್ಕೆ ಬಂದಿದ್ದೆ.

"ನೀವು ಬೀವರ್ ಸಾಕಿದ್ದೀರಾ?" ಎಂದು ಅಜ್ಜ ಕೇಳಿದರು. ಬೀವರ್ ಅಂದರೆ ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟುವ ಇಲ್ಲಿನ ಪ್ರಾಣಿ.

"ಇಲ್ಲ, ಅತ್ತೆ ಬಂದಿದ್ದಾರೆ" ಅಂದೆ.

ಅಜ್ಜ ನಗಲಿಲ್ಲ, ಕೈ ಚಾಚಿ ತೋರಿಸಿದರು. ಮೋರಿಯ ಆಚೆ ಅವರ ಬದಿಯ ಸ್ಲೋಟಿನಲ್ಲಿ ಕೆಸರು ಬಾಯಿ ತೆರೆದಿತ್ತು, ಅವರ ನೈದಿಲೆ ಮಣ್ಣಿನ ಮೇಲೆ ಮಲಗಿತ್ತು. ಈಚೆ, ನಮಗಿಂತ ಮೇಲಿನ ತುಂಡಿನಲ್ಲಿ ನೀರು ದಡ ದಾಟಿ ಕುಂಬಳದ ಸಾಲಿಗೆ ನುಗ್ಗಿತ್ತು. ಚಿನ್ನದ ಬಣ್ಣದ ದೊಡ್ಡ ದೊಡ್ಡ ಕುಂಬಳಗಳು ಸ್ನಾನಕ್ಕೆ ಇಳಿದ ಎಮ್ಮೆಗಳ ಹಾಗೆ ಕೂತಿದ್ದವು. ಆ ಕುಂಬಳಗಳು ಸಂಘದ ಅಧ್ಯಕ್ಷೆಯವು. ಇಡೀ ಸ್ಲೋಟಿನಲ್ಲಿ ಅತ್ತೆಗೆ ಸಿಕ್ಕಿದ್ದು ಇವರಿಬ್ಬರ ನಡುವಿನ ಜಾಗ!

ಅಧ್ಯಕ್ಷೆಯ ಫೋನು ಮಧ್ಯಾಹ್ನದೊಳಗೆ ಬಂತು. ಶನಿವಾರ ಸಂಘದ ಶೆಡ್ಡಿಗೆ ಬನ್ನಿ, ನೀರಿಗೆ ಅಡ್ಡ ಹಾಕಿದವರ ತುಂಡು ವಾಪಸ್ ಪಡೆಯುವುದು ನಮ್ಮ ನಿಯಮ, ಅಂದರು. ಅಲ್ಲಿಯವರೆಗೆ ಯಾರೂ ಏನೂ ಮುಟ್ಟುವುದು ಬೇಡ, ನೀರು ದಾಟುವಷ್ಟು ಸಂದಿ ಮಾತ್ರ ಅಜ್ಜ ಬಿಡಿಸುತ್ತಾರೆ.

ತುಂಡು ಹೋದರೆ ಕೆಸು ಹೋಯಿತು, ವರ್ಷಗಟ್ಟಲೆ ಕಾದ ಸರದಿ ಹೋಯಿತು, ಚೌತಿಯ ಮನೆ ಹೋಯಿತು. ನನಗಿಂತ ಹೆಚ್ಚು ಅತ್ತೆಯ ಮುಖ ಬಾಡಿತು. "ನಾನು ಬಂದು ನಿನ್ನ ತೋಟ ಕಳೆದೆನಲ್ಲ" ಎಂದು ಒಂದೇ ಸಲ ಅಂದರು. ಗಂಡ "ಸಾರಿ ಕೇಳಿದರೆ ಮುಗೀತು" ಅಂದರು. ಅವರು ಸಾಫ್ಟ್‌ವೇರಿನವರು, ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವರು. ನಾನು ಬಿಡುವವಳಲ್ಲ. ಶನಿವಾರಕ್ಕೆ ಜೈಡಾಸ್ ಮಟ್ಟದ ತಯಾರಿ ಮಾಡಿದೆ. ಮೋರಿಯ ಹತ್ತಿರ ಸೂಚನಾ ಫಲಕ ಇರಲಿಲ್ಲ. ಕಟ್ಟಿದವರು ಅತಿಥಿ, ಭಾಷೆ ಬಾರದವರು. ನಷ್ಟಕ್ಕೆ ಬದಲಾಗಿ ಅದಕ್ಕಿಂತ ದೊಡ್ಡ ಕುಂಬಳ ತಂದುಕೊಡುತ್ತೇನೆ. ಒಪ್ಪದಿದ್ದರೆ ಅರ್ಧ ತುಂಡು ಬಿಟ್ಟುಕೊಡುತ್ತೇನೆ, ನೀರಂಚಿನ ಅರ್ಧ ನನಗಿರಲಿ.

ಶೆಡ್ಡಿನಲ್ಲಿ ಕಾಫಿ ಕೊಟ್ಟರು, ಜೊತೆಗೆ ಎಲ್ಲರಿಗೂ ಒಂದೊಂದೇ ಬಿಸ್ಕತ್ತು. ಅಧ್ಯಕ್ಷೆ, ಪಕ್ಕದ ಅಜ್ಜ, ಎದುರಿಗೆ ನಾನು, ಅತ್ತೆ, ಅನುವಾದಕ್ಕೆ ಮಗಳು. ನಾನು ಫಲಕದಿಂದ ಶುರುಮಾಡಿದೆ. ಅತಿಥಿಗೆ ಬಂದೆ. ಕುಂಬಳಕ್ಕೆ ಬಂದಾಗ ಅಧ್ಯಕ್ಷೆ ಕಪ್ಪು ಕೆಳಗಿಟ್ಟರು.

"ಮೇವ್ರೌ," ಅಂದರು, ನಮ್ಮಲ್ಲಿ ಮೇಡಂ ಅನ್ನುವ ಹಾಗೆ, "ನೀವು ನನ್ನ ಕುಂಬಳದ ಬೆಲೆ ಮಾತಾಡುತ್ತಿದ್ದೀರಿ. ನಾನು ನೀರಿನ ಮಾತಾಡುತ್ತಿದ್ದೇನೆ."

ಅಜ್ಜ ನಿಧಾನವಾಗಿ ವಿವರಿಸಿದರು. ನಾವು ಕೂತಿರುವ ಈ ಶೆಡ್ಡು ಸಮುದ್ರಮಟ್ಟಕ್ಕಿಂತ ಕೆಳಗಿದೆ. ನೀರನ್ನು ಹೊರಗೆತ್ತುವ ಪಂಪು ನಿಂತರೆ ಇದು ಕೆರೆ. ಯಾರದೋ ಸ್ಲೋಟು ಕಟ್ಟಿದರೆ ಇನ್ಯಾರದೋ ನೆಲ ಮುಳುಗುತ್ತದೆ ಎಂದು ಗೊತ್ತಾಗಿ, ಈ ದೇಶಕ್ಕೆ ರಾಜ ಬರುವುದಕ್ಕೆ ಎಷ್ಟೋ ಕಾಲ ಮೊದಲೇ ರೈತರು ನೀರಿಗಾಗಿ ಮಂಡಳಿ ಮಾಡಿಕೊಂಡಿದ್ದರು. ಇವತ್ತಿಗೂ ಅದಕ್ಕೆ ಬೇರೆ ಚುನಾವಣೆ, ಬೇರೆ ತೆರಿಗೆ. ಮಂಡಳಿಯವರು ಶರತ್ಕಾಲದಲ್ಲಿ ಬಂದು ಪ್ರತಿಯೊಂದು ಸ್ಲೋಟಿನ ದಡ ನೋಡುತ್ತಾರೆ. ಅಷ್ಟರೊಳಗೆ ಅವರವರ ದಡ ಅವರವರು ಜೊಂಡು ಕಿತ್ತು, ಕೆರೆದು ಚೊಕ್ಕ ಮಾಡಿರಬೇಕು. ದೊಡ್ಡವರು ಚಿಕ್ಕವರು ಎಂಬುದಿಲ್ಲ.

ಮಗಳು ಒಂದೊಂದೇ ಮಾತನ್ನು ಅಜ್ಜಿಗೆ ದಾಟಿಸುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅತ್ತೆಯ ಬೆನ್ನು ನೆಟ್ಟಗಾಯಿತು.

"ಸರಿಯಾಗೇ ಹೇಳ್ತಿದ್ದಾರೆ" ಅಂದರು.

"ಅತ್ತೆ, ನೀವು ಯಾರ ಕಡೆ?" ಎಂದು ಪಿಸುಗುಟ್ಟಿದೆ.

"ಕಟ್ಟ ಹಾಕಿದ್ದು ನಾನು. ನೀನ್ಯಾಕೆ ತಪ್ಪನ್ನು ಇಲ್ಲದ ಬೋರ್ಡಿನ ಮೇಲೆ ಹಾಕ್ತೀ? ಸುಮ್ಮನೆ ಕೂತ್ಕೋ. ಮಗಾ, ಅವರಿಗೆ ಹೇಳು. ನಮ್ಮಲ್ಲೂ ಹೀಗೇ. ಕಟ್ಟಕ್ಕೆ ಒಬ್ಬ ಗುರಿಕಾರ ಇರ್ತಾನೆ. ಅವನು ಹೇಳಿದ ದಿನ ಮನೆಗೊಬ್ಬರು ಕೆಲಸಕ್ಕೆ ಬರಬೇಕು. ಮೊದಲು ತೆಂಗಿನಕಾಯಿ ಒಡೆದು, ಆಮೇಲೇ ಮಣ್ಣು ಹಾಕುವುದು. ನೀರು ಯಾರ ಗದ್ದೆಗೆ ಯಾವಾಗ ಅಂತ ಅವನದ್ದೇ ಮಾತು."

"ಪೂಜೆ, ಅಧಿಕಾರ, ಕಾನೂನು" ಮಗಳು ತನ್ನಷ್ಟಕ್ಕೆ ಅಂದಳು. "ಅಜ್ಜಿ, ನನ್ನ ಚಾಪ್ಟರ್ ಪೂರ್ತಿ ಇದೇ!"

"ತಿರುಗಿಸಿ ಹೇಳು, ನಡುವೆ ಬಾಯಿ ಹಾಕಬೇಡ. ಹೇಳದೆ ಕೇಳದೆ ನೀರು ತಿರುಗಿಸಿದವರಿಗೆ ನಮ್ಮಲ್ಲಿ ಶಿಕ್ಷೆ ಉಂಟು. ಆದ್ರೆ ಗದ್ದೆ ಕಸಿಯುವುದಿಲ್ಲ. ಗದ್ದೆ ಕಸಿದ್ರೆ ಅವನು ಊರು ಬಿಡ್ತಾನೆ, ಮುಂದಿನ ವರ್ಷ ಕಟ್ಟಕ್ಕೆ ಒಂದು ಆಳು ಕಡಿಮೆ. ಅದರ ಬದಲು ಯಾರಿಗೆ ತೊಂದರೆ ಆಯ್ತೋ ಅವರ ಪಾಲಿನ ಕೆಲಸವೂ ಇವನೇ ಮಾಡಬೇಕು. ನನಗೆ ಇಲ್ಲಿ ಎಂತ ಶಿಕ್ಷೆ, ಕೇಳು."

ಅಧ್ಯಕ್ಷೆ ಅಜ್ಜನನ್ನು ನೋಡಿದರು. ಅವರಿಬ್ಬರಿಗೂ ವಯಸ್ಸಾಗಿತ್ತು. ಪ್ರತಿ ವರ್ಷ ಸ್ಲೋಟಿಗಿಳಿದು ಜೊಂಡು ಕೀಳುವುದು ಅವರ ಸೊಂಟಕ್ಕೆ ಹಬ್ಬವೇನೂ ಆಗಿರಲಿಲ್ಲ. "ನಮ್ಮ ನಿಯಮದಲ್ಲಿ ಅಂಥ ಶಿಕ್ಷೆ ಇಲ್ಲ" ಎಂದು ಅಧ್ಯಕ್ಷೆ ಎಳೆದು ಹೇಳಿದರು.

ಎಳೆದು ಹೇಳಿದ ಇಲ್ಲ ಅಂದರೆ ಏನೆಂದು ಕೌಂಟರಿನ ಹಿಂದೆ ನಿಂತವರಿಗೆ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಶುರುಮಾಡಿದ್ದಳು.

"ಬ್ಯಾಬಿಲೋನ್‌ನಲ್ಲಿ ಇತ್ತು. ರಾಜ ಕಲ್ಲಿನ ಮೇಲೆ ಕೆತ್ತಿಸಿದ್ದ. ಒಬ್ಬ ತನ್ನ ಒಡ್ಡು ಸರಿಯಾಗಿ ನೋಡಿಕೊಳ್ಳದೆ ಪಕ್ಕದವರ ಹೊಲ ಮುಳುಗಿದರೆ, ಹಾಳಾದ ಧಾನ್ಯ ಅವನೇ ತುಂಬಿಕೊಡಬೇಕು."

"ತುಂಬಿಕೊಡಲು ಆಗದಿದ್ದರೆ?" ಅಧ್ಯಕ್ಷೆ ಕೇಳಿದರು.

ಮಗಳು ಸತ್ಯವಂತೆ. ಅಪ್ಪನ ಗುಣ. "ಅವನನ್ನೂ ಅವನ ಸಾಮಾನನ್ನೂ ಮಾರಿ, ಬಂದದ್ದನ್ನು ಪಕ್ಕದವರು ಹಂಚಿಕೊಳ್ಳುತ್ತಿದ್ದರು."

ಪಕ್ಕದ ಅಜ್ಜ ಅತ್ತೆಯನ್ನು ಮೇಲಿನಿಂದ ಕೆಳಗಿನವರೆಗೆ ಗಂಭೀರವಾಗಿ ನೋಡಿದರು. "ಅಜ್ಜಿಗೆ ಏನು ರೇಟು?"

ಕಸುಬಿನ ಚಟ ನೋಡಿ, ನನ್ನ ಬಾಯಿಂದ ತಾನಾಗಿ ಬಂತು: "ಅಡುಗೆ ಸೇರಿಸಿಯೋ, ಬಿಟ್ಟೋ?"

ಅಧ್ಯಕ್ಷೆ ಕಾಫಿ ಮೂಗಿಗೇರಿಸಿಕೊಂಡು ನಕ್ಕರು. ಅತ್ತೆ ಮೊಮ್ಮಗಳ ಭುಜ ತಿವಿದು ಕೇಳಿ ತಿಳಿದುಕೊಂಡು, "ಮೊಣಕಾಲು ಎರಡೂ ಹೋಗಿವೆ, ಕೊಂಡವರಿಗೆ ನಷ್ಟ ಅಂತ ಮೊದಲೇ ಹೇಳಿಬಿಡು" ಅಂದರು.

ಆಮೇಲಿನದು ಬೇಗ ಮುಗಿಯಿತು. ತುಂಡು ನಮ್ಮ ಹತ್ತಿರವೇ ಇರಲಿ. ಮಂಡಳಿಯವರು ಬರುವುದರೊಳಗೆ ನಮ್ಮ ದಡ, ಅಜ್ಜನ ದಡ, ಅಧ್ಯಕ್ಷೆಯ ದಡ ಎಲ್ಲ ನಮ್ಮ ಮನೆಯವರೇ ಚೊಕ್ಕ ಮಾಡಬೇಕು. ಕಟ್ಟದ ಮಣ್ಣನ್ನು ನಮ್ಮ ದಡದ ಮೇಲೇ ಹಾಕಿಕೊಳ್ಳಬೇಕು, ನೀರಿಗೆ ಬಿಡುವಂತಿಲ್ಲ. ನಾನು ಅಜ್ಜನ ದಡ ಅರ್ಧಕ್ಕಿಳಿಸುವ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆ ಕೈ ಚಾಚಿ, "ಆಯ್ತು" ಅಂದರು. ಮೊದಲ ಬೆಲೆಗೇ! ಮೇಜಿನ ಕೆಳಗೆ ನಾನು ಅವರ ಕಾಲು ತುಳಿದದ್ದೂ ವ್ಯರ್ಥ. ನನ್ನ ಸಲಹೆ ಬರೆದಿಟ್ಟುಕೊಳ್ಳಿ: ಮಾತುಕತೆಗೆ ಕೂರುವ ಮೊದಲು ನಿಮ್ಮ ಕಡೆಯವರ ವಾಪಸ್ ಟಿಕೆಟ್ ಯಾವತ್ತಿನದೆಂದು ನೋಡಿ. ಮಂಡಳಿಯವರು ಬರುವ ಹೊತ್ತಿಗೆ ಅತ್ತೆಯ ವೀಸಾ ಮುಗಿದು, ಅವರು ಉಡುಪಿಯಲ್ಲಿರುತ್ತಾರೆ.

ಕಟ್ಟ ಬಿಡಿಸುವಾಗ ಅಜ್ಜನೂ ಬಂದರು. ಮಣ್ಣು ನಮ್ಮ ದಡದ ಮೇಲೆ ಗುಡ್ಡೆಯಾಯಿತು. ನೀಲಿ ಬಣ್ಣದ, ಬೆಣ್ಣೆಯಂಥ ಜೇಡಿಮಣ್ಣು. ಅತ್ತೆ ಅದರಲ್ಲಿ ಒಂದು ಮುದ್ದೆ ತೆಗೆದು ಹಿಸುಕಿ ನೋಡಿದರು. ಮನೆಗೆ ತಂದು ಎರಡು ಸಂಜೆ ಕೂತು ಗಣಪತಿ ಮಾಡಿದರು. ಗಣಪತಿ ಸ್ವಲ್ಪ ಉದ್ದವಾದ. "ಡಚ್ ಮಣ್ಣಲ್ವಾ, ಎತ್ತರ ಜಾಸ್ತಿ" ಎಂದು ಸಮಾಧಾನ ಮಾಡಿಕೊಂಡರು.

ಚೌತಿಗೆ ಅಧ್ಯಕ್ಷೆಯೂ ಅಜ್ಜನೂ ಬಂದರು. ಅಧ್ಯಕ್ಷೆಯ ಕೈಯಲ್ಲಿ ಮುಳುಗದೆ ಉಳಿದಿದ್ದ ಕುಂಬಳ. ಸಿಹಿ ಕಡುಬಿಗೆ ಆಯಿತು. ಡೆಲ್ಫ್ಟಿನ ಮಕ್ಕಳ ಜೊತೆ ನೆಲದಲ್ಲಿ ಕೂತು ಇಬ್ಬರೂ ಪತ್ರೊಡೆ ತಿಂದರು. ಇದು ನಮ್ಮ ಸ್ಲೋಟಿನ ದಡದ್ದೇ ಎಲೆಯಾ ಎಂದು ಅಜ್ಜ ಸುರುಳಿ ಬಿಚ್ಚಿ ನೋಡಿದರು.

ವಿಸರ್ಜನೆಯ ಹೊತ್ತಿಗೆ ಎಲ್ಲರೂ ನನ್ನ ಮುಖ ನೋಡಿದರು. ಸ್ಲೋಟಿಗೆ ಏನೂ ಹಾಕುವಂತಿಲ್ಲ. ಮಣ್ಣು ಅಲ್ಲಿಯದೇ, ಬಣ್ಣ ಬಳಿದಿಲ್ಲ, ಅಧ್ಯಕ್ಷೆ ಕಡುಬು ತಿಂದು ಖುಷಿಯಾಗಿದ್ದಾರೆ. ಇದಕ್ಕಿಂತ ಒಳ್ಳೆ ಗಳಿಗೆ ಬೇಕಾ? ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ತೋಟದಲ್ಲಿ ದೊಡ್ಡ ಬಕೆಟ್ಟಿಗೆ ನೀರು ತುಂಬಿ ಗಣಪತಿಯನ್ನು ಬಿಟ್ಟೆವು. ಅವನು ಕರಗಿದ ಮೇಲೆ ಅತ್ತೆ ಆ ನೀರನ್ನು ಕೆಸುವಿನ ಬುಡಕ್ಕೆ ಹೊಯ್ದರು. ಮಣ್ಣು ಶಿಕ್ಷೆಯ ಪ್ರಕಾರ ನಮ್ಮ ದಡಕ್ಕೇ ಬಂತು. ಪಕ್ಕದ ಅಜ್ಜ ಅಲ್ಲಿಯವರೆಗೂ ಕೈ ಹಿಂದೆ ಕಟ್ಟಿ, ತಲೆ ಬಗ್ಗಿಸಿ ನಿಂತಿದ್ದರು.

ಊರಿಗೆ ಹೊರಡುವ ಹಿಂದಿನ ದಿನ ಅತ್ತೆ ಮನೆಯ ಕುಂಡದ ದಾಸವಾಳ ಒಂದನ್ನು ಕೊಯ್ದು ಅಳತೆ ಹಲಗೆಯ ನೆತ್ತಿಗೆ ಸಿಕ್ಕಿಸಿ ಬಂದರು. ಇದಕ್ಕೂ ಒಂದು ಸಭೆ ಆಗಬಹುದೆಂದು ನಾನು ಕೆಸುವಿನ ಮರೆಯಲ್ಲಿ ನಿಂತು ನೋಡಿದೆ. ಅಜ್ಜ ಬಂದರು, ಬಗ್ಗಿದರು, ಅಂಕಿ ನೋಡಿದರು, ಹೂವನ್ನೂ ನೋಡಿದರು. ತಲೆಯಾಡಿಸಿ ಹೋದರು. ಅದು ಬಾಡಿ ತಾನಾಗಿ ಬೀಳುವವರೆಗೆ ಯಾರೂ ತೆಗೆಯಲಿಲ್ಲ.

ಮಗಳು ಮೋರಿಯ ಫೋಟೋ ಹಾಕಿ ತರಗತಿಯಲ್ಲಿ ಮಾತಾಡಿದಳು. ನಿನ್ನ ಅಜ್ಜಿ ಬ್ಯಾಬಿಲೋನಿನವರಾ ಎಂದು ಟೀಚರ್ ಕೇಳಿದರಂತೆ. "ಉಡುಪಿ, ಆದ್ರೆ ಸೇಮ್ ಸಿಸ್ಟಮ್ ಅಂದೆ" ಎಂದಳು.

ಇನ್ನು ನಾನು. ಶರತ್ಕಾಲದಲ್ಲಿ ಸೊಂಟದವರೆಗಿನ ರಬ್ಬರ್ ಬೂಟು ತೊಟ್ಟು ಸ್ಲೋಟಿನೊಳಗೆ ನಿಂತಿದ್ದೆ. ಉದ್ದ ಕೋಲಿನ ಕೊಕ್ಕೆಯಿಂದ ಜೊಂಡು ಎಳೆದು ದಡಕ್ಕೆ ಹಾಕುವುದು. ಮೂಗಿಗೆ ಕೊಳೆತ ವಾಸನೆ, ಬೆರಳಿಗೆ ಚಳಿ. ದಡದ ಮೇಲೆ ಗಂಡ ಫೋನು ಎತ್ತಿ ಹಿಡಿದಿದ್ದರು. ಅದರೊಳಗಿಂದ ಅತ್ತೆ: "ಬೇರು ಬಿಟ್ಟೆ ನೋಡು, ಎಡಗಡೆ. ಎಡಗಡೆ ಅಂದ್ರೆ ನನ್ನ ಎಡಗಡೆ!" ಮೋರಿಯ ಮೇಲೆ ಪಕ್ಕದ ಅಜ್ಜ, ಅವರ ಬೆರಳೂ ಅದೇ ಬೇರಿನ ಕಡೆ. ನಡುವೆ ಒಂದು ಮಾತಿಲ್ಲದೆ ಇಬ್ಬರೂ ಹೀಗೆ ಒಂದಾದದ್ದು ನನ್ನ ದುರದೃಷ್ಟ.

ಮಂಡಳಿಯವರು ಬಂದರು, ನಡೆಯುತ್ತಾ ನೋಡಿದರು, ನಮ್ಮ ಮೂರೂ ದಡಗಳನ್ನು ದಾಟಿ ನಿಲ್ಲದೆ ಮುಂದೆ ಹೋದರು. ನಿಲ್ಲಲಿಲ್ಲವೆಂದರೆ ಪಾಸು. ಅಜ್ಜ ಹೆಬ್ಬೆರಳು ಎತ್ತಿದರು. ತುಂಡು ನಮ್ಮದಾಗೇ ಉಳಿಯಿತು. ಕೆಸುವಿನ ಗೆಡ್ಡೆಗಳು ಆಗಲೇ ಒಣ ಮರಳಿನ ಪೆಟ್ಟಿಗೆಯಲ್ಲಿ ಮಲಗಿದ್ದವು.

ಅಧ್ಯಕ್ಷೆ ತಮ್ಮ ದಡದ ಮೇಲೆ ನಿಂತು ಕತ್ತಿನ ಮಫ್ಲರ್ ಸರಿಮಾಡಿಕೊಳ್ಳುತ್ತಾ, "ಇಷ್ಟು ಚೊಕ್ಕ ಯಾವತ್ತೂ ಆಗಿರಲಿಲ್ಲ. ಮುಂದಿನ ವರ್ಷವೂ ಇದೇ ಕರಾರಿಗೆ ಒಪ್ಪುತ್ತೀರಾ?" ಅಂದರು.

ಅವರು ಕೋಟಿನ ಗುಂಡಿ ಹಾಕುವುದನ್ನೇ ನೋಡುತ್ತಾ ಕಾದೆ. ಹಾಕಿ ಮುಗಿಸಿದರು, ಆದರೂ ಹೊರಡಲಿಲ್ಲ.

"ಕುಂಬಳ ಎಷ್ಟು ಕೊಡ್ತೀರಿ?" ಅಂದೆ.